ಕೃತಕ ಮಂಡಿಯ ಸೋಂಕು: ಮಾತ್ರೆಗಿಂತ ಮೊದಲು ಸೂಜಿ

ಬೆಂಗಳೂರಿನಲ್ಲಿ ಮಂಡಿ ಬದಲಿ ಆಪರೇಷನ್ ಆದವರ ಗಾಯ ಒಸರತೊಡಗಿದರೆ ಮನೆಯವರು ಎಷ್ಟೋ ಸಲ ಮೊದಲು ಓಡುವುದು ಬೀದಿ ಕೊನೆಯ ಮೆಡಿಕಲ್ ಶಾಪಿಗೆ. ಐದು ದಿನ ಆಂಟಿಬಯಾಟಿಕ್ ನುಂಗಿದರೆ ಒಸರು ನಿಂತಂತೆ ಕಾಣುತ್ತದೆ. ಎಡವಟ್ಟಾಗುವುದು ಅಲ್ಲೇ.

ಕೃತಕ ಮಂಡಿಯ ಲೋಹದ ಮೇಲೆ ಕೂತ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ತನ್ನ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ, ಕಲ್ಯಾಣಿ ಮೆಟ್ಟಿಲಿನ ಪಾಚಿಯ ಹಾಗೆ. ಅದೇ ಬಯೋಫಿಲ್ಮ್. ಒಳಗಿನವು ಬೆಳವಣಿಗೆ ತಗ್ಗಿಸಿಕೊಂಡು ಮಲಗಿರುತ್ತವೆ. ಬೆಳೆಯುವವನ್ನು ಕೊಲ್ಲುವ ಔಷಧಿಗೆ ಸುಲಭಕ್ಕೆ ಸಿಕ್ಕುವುದಿಲ್ಲ. ಮಾತ್ರೆ ಹೊರಗೆ ತೇಲುವವನ್ನು ಕೊಂದು, ಕಲ್ಚರ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿಯನ್ನು ಸುಳ್ಳು ನೆಗೆಟಿವ್ ಮಾಡಿಬಿಡಬಹುದು.

ಹಾಗಾಗಿ ಸೆಪ್ಸಿಸ್ (ಸೋಂಕಿನಿಂದ ಇಡೀ ದೇಹವೇ ಹದಗೆಟ್ಟು ಜೀವಕ್ಕೆ ಅಪಾಯವಾಗುವ ಸ್ಥಿತಿ) ಇಲ್ಲದಿದ್ದರೆ ಮೊದಲು ಸೂಜಿ ಹಾಕಿ ಕೀಲಿನ ನೀರನ್ನು ಪರೀಕ್ಷೆಗೆ ತೆಗೆಯಬೇಕು. ಹಳೇ ಸೋಂಕಿನ ಅನುಮಾನವಿದ್ದು ಮಾತ್ರೆ ಶುರುವಾಗಿದ್ದರೆ, ವೈದ್ಯರು ಅದನ್ನು ನಿಲ್ಲಿಸಿ 2 ವಾರ ಕಾಯುವುದು ವಾಡಿಕೆ. ಗಾಯದ ಮೇಲಿನ ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿ) ಬೇಡ, ಬರುವುದು ಬಹುತೇಕ ಚರ್ಮದ ಬ್ಯಾಕ್ಟೀರಿಯಾ. ಥಿಯೇಟರಿನಲ್ಲಿ ಪ್ರತಿ ಸಲ ಬೇರೆ ಉಪಕರಣ ಬಳಸಿ 5–6 ಅಂಗಾಂಶದ ತುಣುಕು ತೆಗೆದು, 14 ದಿನ ಇಟ್ಟು ನೋಡಲು ಲ್ಯಾಬಿಗೆ ಹೇಳಿ. ಒಂದೇ ಜೀವಿ ಎರಡು ತುಣುಕಿನಲ್ಲಿ ಬೆಳೆದರೆ ಸೋಂಕು ಖಚಿತ.

ಆಪರೇಷನ್ ಆಗಿ ಸುಮಾರು 4 ವಾರದೊಳಗೆ, ಇಂಪ್ಲಾಂಟ್ (ಕೃತಕ ಮಂಡಿ) ಸಡಿಲವಾಗಿರದಿದ್ದರೆ, ಕೆರೆದು ತೊಳೆದು ಪಾಲಿಎಥಿಲೀನ್ (ಪ್ಲಾಸ್ಟಿಕ್) ಭಾಗ ಬದಲಿಸಿ ಅದನ್ನು ಉಳಿಸಿಕೊಳ್ಳಬಹುದು. ರಿಫಾಂಪಿಸಿನ್ ಎಂಬ ಆಂಟಿಬಯಾಟಿಕ್ ಬಯೋಫಿಲ್ಮಿನೊಳಗೂ ಕೆಲಸ ಮಾಡುತ್ತದೆ, ಆದರೆ ಅದೊಂದನ್ನೇ ಎಂದೂ ಕೊಡಬಾರದು (ಟಿಬಿಯಲ್ಲಿ ಕಲಿತ ಪಾಠವೇ ಇದು), ನಿರೋಧಕತೆ ಬೇಗ ಹುಟ್ಟುತ್ತದೆ. ಗಾಯ ಒಣಗಿದ ಮೇಲೆ, ಇನ್ನೊಂದು ಔಷಧಿಯ ಜೊತೆ ಮಾತ್ರ.