ಅಮ್ಮನ ವೋಟರ್ ಐಡಿ ಮತ್ತು ಭೂತಾನದ ಬಾಗಿಲು

ಭೂತಾನದ ಗಡಿಗೆ ಹತ್ತಿರದ ಹಾಸಿಮಾರಾ ಸ್ಟೇಷನ್‌ನಲ್ಲಿ ರೈಲು ಇಳಿದ ಮೇಲೂ ಅಮ್ಮನಿಗೆ ಅದೇ ಚಿಂತೆ. "ಪಾಸ್‌ಪೋರ್ಟ್ ಇಲ್ಲ ಅಂತ ನನ್ನನ್ನ ವಾಪಸ್ ಕಳಿಸಿಬಿಟ್ಟರೆ ಏನೇ ಮಾಡೋದು?"

ತಿಪಟೂರಿನ ಮನೆಯ ಬೀರುವಿನಲ್ಲಿದ್ದ ಅವಳ ವೋಟರ್ ಐಡಿಯನ್ನು ನಾನೇ ಹುಡುಕಿ ತಂದಿದ್ದೆ. ಭಾರತೀಯರಿಗೆ ಭೂತಾನಕ್ಕೆ ವೀಸಾ ಬೇಡ, ಪರ್ಮಿಟ್ ಸಾಕು. ಅದಕ್ಕೆ ಕನಿಷ್ಠ 6 ತಿಂಗಳು ಅವಧಿ ಉಳಿದಿರುವ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ತೋರಿಸಬೇಕು. ಒಂಬತ್ತು ವರ್ಷದ ಮಗಳಿಗೆ ಜನನ ಪ್ರಮಾಣಪತ್ರ ಇಟ್ಟುಕೊಂಡಿದ್ದೆ.

ಗಡಿಯ ಈಚೆ ಬಂಗಾಳದ ಜೈಗಾಂವ್, ಆಚೆ ಫುಂಟ್‌ಶೋಲಿಂಗ್. ನಡುವೆ ಬಣ್ಣ ಬಣ್ಣದ ಒಂದು ದೊಡ್ಡ ಬಾಗಿಲು. ಈಚೆ ಆಟೋಗಳ ಹಾರ್ನ್ ಕಿವಿ ತುಂಬುತ್ತದೆ, ನೂರು ಹೆಜ್ಜೆ ಆಚೆ ಹೋದರೆ ಜನ ಜೀಬ್ರಾ ಪಟ್ಟಿಯ ಮೇಲೆ ರಸ್ತೆ ದಾಟುತ್ತಾರೆ, ಕಾರುಗಳು ನಿಂತು ಕಾಯುತ್ತವೆ. ಗಡಿಯಾರವೂ ಅರ್ಧ ಗಂಟೆ ಮುಂದೆ. ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಪರ್ಮಿಟ್ ಕೊಡುವ ಕಚೇರಿ ತೆರೆಯುವುದು, ಮುಚ್ಚುವುದು ಎಲ್ಲಾ ಅವರ ಸಮಯಕ್ಕೆ. ಸಂಜೆ ಹೊತ್ತು ಬರುವವರಿಗೆ ಆ ಅರ್ಧ ಗಂಟೆ ಕೈತಪ್ಪಿ ಹೋಗುತ್ತದೆ.

ಸರದಿಯಲ್ಲಿ ನಮ್ಮ ಮುಂದೆ ಕೋಲ್ಕತ್ತಾದ ಒಬ್ಬ ಹುಡುಗ ನಿಂತಿದ್ದ. ಕೈಯಲ್ಲಿ ಆಧಾರ್ ಮಾತ್ರ. ಕೌಂಟರ್‌ನಲ್ಲಿದ್ದವರು ಮೆಲ್ಲಗೆ ತಲೆ ಅಲ್ಲಾಡಿಸಿದರು. ಅವನ ಮುಖ ನೋಡಿ ನನಗೆ ತುಂಬಾ ಸಂಕಟವಾಯಿತು. ನಮ್ಮೂರಲ್ಲಿ ಸಿಮ್‌ನಿಂದ ಹಿಡಿದು ಬ್ಯಾಂಕಿನವರೆಗೆ ಎಲ್ಲಕ್ಕೂ ಆಧಾರ್ ಕೇಳ್ತಾರೆ, ಅಲ್ವಾ? ಇಲ್ಲೂ ನಡೆಯುತ್ತೆ ಅಂದುಕೊಳ್ಳುವುದು ಸಹಜ. ಆದರೆ ಆಧಾರ್ ಹೇಳುವುದು ನೀವು ಇಲ್ಲಿ ವಾಸವಿದ್ದೀರಿ ಅಂತ. ನೀವು ಭಾರತದ ಪ್ರಜೆ ಅಂತ ಅದು ಹೇಳುವುದಿಲ್ಲ. ವೋಟು ಹಾಕುವ ಹಕ್ಕಿರುವುದು ಪ್ರಜೆಗಳಿಗೆ ಮಾತ್ರ. ಗಡಿಯಲ್ಲಿ ಹಳೇ ವೋಟರ್ ಐಡಿಗೆ ಬೆಲೆ ಇರುವುದು ಅದಕ್ಕೇ.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2022ರ ಸೆಪ್ಟೆಂಬರ್‌ನಿಂದ ಭಾರತೀಯರಿಗೆ ಒಂದು ರಾತ್ರಿಗೆ ತಲಾ 1200 ರೂಪಾಯಿ 'ಸುಸ್ಥಿರ ಅಭಿವೃದ್ಧಿ ಶುಲ್ಕ'. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ನಮ್ಮ ಮೂವರಿಗೆ ರಾತ್ರಿಗೆ 3000, ಐದು ರಾತ್ರಿಗೆ 15,000. ಹೋಟೆಲು, ಊಟ, ಗಾಡಿ ಬೇರೆ. ಜಾಸ್ತಿ ಅನಿಸಿದ್ದು ನಿಜ. ಆದರೂ ನಾನು ಮನಸಾರೆ ಕೊಟ್ಟೆ. ತನ್ನ ನೆಲದಲ್ಲಿ ಶೇಕಡಾ 60ರಷ್ಟು ಕಾಡು ಎಂದೆಂದಿಗೂ ಉಳಿಯಬೇಕು ಅಂತ ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. ಗಡಿ ಊರನ್ನಷ್ಟೇ ನೋಡಿ 24 ಗಂಟೆಯೊಳಗೆ ಮರಳುವವರಿಗೆ ಈ ಶುಲ್ಕವಿಲ್ಲ.

ಅಮ್ಮನ ಸರದಿ ಬಂತು. ಫೋಟೋ ತೆಗೆದರು. ವೋಟರ್ ಐಡಿಯ ಫೋಟೋದಲ್ಲಿ ಅಮ್ಮನ ಕೂದಲು ಪೂರ್ತಿ ಕಪ್ಪು. ಅಧಿಕಾರಿ ಕಾರ್ಡನ್ನೂ ಅವಳನ್ನೂ ಎರಡು ಸಲ ನೋಡಿದರು, ಆಮೇಲೆ ನಕ್ಕು ಪರ್ಮಿಟ್ ಕೊಟ್ಟರು.

ಥಿಂಫು ದಾರಿಯಲ್ಲಿ ಬೆಟ್ಟ ಹತ್ತುವಾಗ ರಿಂಚೆಂಡಿಂಗ್ ಚೆಕ್‌ಪೋಸ್ಟ್ ಬರುತ್ತದೆ. ಅಲ್ಲಿ ಪರ್ಮಿಟ್ ಮತ್ತೆ ತೋರಿಸಬೇಕು. ನಾನು ಬ್ಯಾಗು ತಡಕುವಷ್ಟರಲ್ಲಿ ಅಮ್ಮ ಸೊಂಟದ ಚೀಲದಿಂದ ತನ್ನ ಕಾಗದ ತೆಗೆದು ಕಿಟಕಿಯಾಚೆ ಚಾಚಿದ್ದಳು. ಕೆಳಗೆ, ದೂರದಲ್ಲಿ, ಬಂಗಾಳದ ಬಯಲು ಮಂಜಿನಲ್ಲಿ ಮಲಗಿತ್ತು.

"ಅದು ನಮ್ಮ ದೇಶ ಅಲ್ವೇನೇ?" ಅಂದಳು.