ಹಳೇ ಗೇಮ್ ಹೊಸ ಟಿವಿಯಲ್ಲಿ ಯಾಕೆ ಚೌಕ ಚೌಕ ಕಾಣುತ್ತೆ?

ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ಬೆಂಗಳೂರು ಸೇರಿದ ಗೆಳೆಯರೆಲ್ಲ ಊರಿಗೆ ಬರುತ್ತಾರೆ. ದರ್ಶನದ ಕ್ಯೂ ಮುಗಿಸಿ ನಮ್ಮನೆಗೆ ಬಂದವರಿಗೆ ಎಮ್ಯುಲೇಟರ್ (ಹಳೇ ಗೇಮುಗಳನ್ನು ಈಗಿನ ಕಂಪ್ಯೂಟರ್‌ನಲ್ಲಿ ಆಡಿಸುವ ಪ್ರೋಗ್ರಾಮು) ಹಾಕಿ ಕೊಟ್ಟರೆ ಎಲ್ಲರದೂ ಒಂದೇ ಪ್ರಶ್ನೆ: "ಗುರು, ಅವಾಗ ಎಷ್ಟು ಚೆನ್ನಾಗಿ ಕಾಣ್ತಿತ್ತು, ಈಗ ಯಾಕೆ ಹಿಂಗೆ ಚೌಕ ಚೌಕ?"

ಚಿಕ್ಕವರಿದ್ದಾಗ ಎಲ್ಲ ಚೆನ್ನಾಗೇ ಕಾಣುತ್ತೆ ಬಿಡು ಅಂತ ಕೆಲವರು ತಾವೇ ಉತ್ತರ ಹೇಳಿಕೊಳ್ಳುತ್ತಾರೆ. ಹಾಗೇನಿಲ್ಲ. ಅವಾಗ ನಿಜವಾಗಿಯೂ ಚೆನ್ನಾಗಿತ್ತು. ಚಿತ್ರದಲ್ಲಿ ಅರ್ಧ ಕೆಲಸ ಗೇಮಿನದು, ಇನ್ನರ್ಧ ಆ ಡಬ್ಬಾ ಟಿವಿಯದು. ಎಮ್ಯುಲೇಟರ್ ಗೇಮ್ ಯಂತ್ರದ ಕೆಲಸ ಮಾಡುತ್ತದೆ. ಟಿವಿಯ ಕೆಲಸವನ್ನು ನಾವು ಬೇರೆಯಾಗಿ ಮಾಡಿಸಬೇಕು.

ನಿಂಟೆಂಡೊ ಕಂಪನಿಯ ಹಳೇ ಗೇಮ್ ಯಂತ್ರ ಎನ್‌ಇಎಸ್ ಕೊಡುತ್ತಿದ್ದ ಚಿತ್ರ 256 ಚುಕ್ಕಿ ಅಗಲ, 240 ಸಾಲು ಎತ್ತರ. ಈಗಿನ ಫುಲ್ ಎಚ್‌ಡಿ ಟಿವಿಯಲ್ಲಿ 1080 ಸಾಲು. ಭಾಗಿಸಿ ನೋಡಿ, ನಾಲ್ಕೂವರೆ ಬರುತ್ತದೆ. ಅರ್ಧ ಸಾಲು ಅಂತ ಇಲ್ಲವಲ್ಲ! ಒಂದು ಸಾಲಿಗೆ ನಾಲ್ಕು ಸಿಕ್ಕರೆ ಪಕ್ಕದ್ದಕ್ಕೆ ಐದು. ಪರದೆ ಸರಿದಾಗ ಅಂಚುಗಳು ಮಿಣಮಿಣ ಅನ್ನುವುದು ಇದಕ್ಕೇ. ಎಮ್ಯುಲೇಟರ್‌ಗಳನ್ನು ಓಡಿಸುವ ರೆಟ್ರೋಆರ್ಚ್ ಪ್ರೋಗ್ರಾಮಿನಲ್ಲಿ 'ಇಂಟಿಜರ್ ಸ್ಕೇಲ್' ಆನ್ ಮಾಡಿದರೆ ಸರಿಯಾಗಿ ನಾಲ್ಕು ಪಟ್ಟು, ಅಂದರೆ 960 ಸಾಲು. ಮೇಲೆ 60, ಕೆಳಗೆ 60 ಕಪ್ಪು ಬಿಡುತ್ತದೆ. ನನಗಂತೂ ಅದು ಪರವಾಗಿಲ್ಲ.

ಆದರೆ ಚೌಕ ಹೋಗಲಿಲ್ಲ ಅಲ್ವಾ? ಹಳೇ ಟಿವಿಯಲ್ಲಿ ಚೌಕ ಅನ್ನುವುದೇ ಇರಲಿಲ್ಲ. ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಓಡುತ್ತಾ ಗಾಜಿನ ಹಿಂದಿನ ಲೇಪನವನ್ನು ಬೆಳಗಿಸುತ್ತಿತ್ತು. ಪ್ರತಿ ಚುಕ್ಕಿಯ ನಡುಭಾಗ ಪ್ರಕಾಶ, ಅಂಚಿಗೆ ಮಸುಕು. ಎರಡು ಸಾಲಿನ ಮಧ್ಯೆ ಕತ್ತಲಿನ ಸಣ್ಣ ಗೆರೆ. ಮೇಲಾಗಿ ಒಂದೇ ವೈರಿನಲ್ಲಿ ಬಣ್ಣ, ಬೆಳಕು ಎರಡೂ ಬರುತ್ತಿದ್ದರಿಂದ ಬಣ್ಣ ಪಕ್ಕದ ಚುಕ್ಕಿಗೆ ಸೋರುತ್ತಿತ್ತು. ಇದನ್ನು ಬಳಸಿಕೊಂಡೇ ಚಿತ್ರ ಬರೆದವರಿದ್ದಾರೆ. 1991ರ ಸೆಗಾ ಗೇಮ್ ಸೋನಿಕ್‌ನ ಜಲಪಾತವನ್ನು ಇವತ್ತಿನ ಮಾನಿಟರ್‌ನಲ್ಲಿ ನೋಡಿ, ಸರಳು ಹಾಕಿದ ಕಿಟಕಿ ಥರ ಉದ್ದುದ್ದ ಪಟ್ಟಿ. ಅದೇ ಹಳೇ ಟಿವಿಯಲ್ಲಿ ಪಟ್ಟಿಗಳು ಒಂದರೊಳಗೊಂದು ಕಲೆತು, ಹಿಂದಿನದು ಕಾಣುವಂಥ ನೀರಾಗುತ್ತಿತ್ತು.

ಈ ಸೋರಿಕೆಯನ್ನು ಮತ್ತೆ ತರುವುದಕ್ಕೆ ಶೇಡರ್ ಅನ್ನುವ ಪುಟ್ಟ ಪ್ರೋಗ್ರಾಮುಗಳಿವೆ. ಗೇಮ್ ಕಂಪನಿಗಳು ಮಾಡಿದ್ದಲ್ಲ. ಒಬ್ಬೊಬ್ಬರೇ ಕೂತು ಬರೆದು ಪುಕ್ಕಟೆ ಕೊಟ್ಟಿದ್ದು. ಬ್ಲಾರ್ಗ್ ಎಂಬ ಹೆಸರಿನವರ ಎನ್‌ಟಿಎಸ್‌ಸಿ (ಅಮೆರಿಕ, ಜಪಾನ್ ಕಡೆಯ ಹಳೇ ಟಿವಿ ಪದ್ಧತಿ) ಫಿಲ್ಟರ್ ಆ ವೈರಿನ ಸಿಗ್ನಲ್ ಅನ್ನೇ ಲೆಕ್ಕ ಹಾಕಿ ಕಟ್ಟುತ್ತದೆ. ಸಿಆರ್‌ಟಿ ಅಂದರೆ ಆ ಡಬ್ಬಾ ಟಿವಿಯೇ; ಸಿಆರ್‌ಟಿ-ರಾಯಲ್ ಅನ್ನುವ ಶೇಡರ್ ಗಾಜಿನ ಹಿಂದಿನ ಕೆಂಪು, ಹಸಿರು, ನೀಲಿ ಚುಕ್ಕಿಗಳವರೆಗೂ ಹೋಗುತ್ತದೆ. ಇನ್ನೊಂದು ಜಾತಿ ಇದೆ, ಎಚ್‌ಕ್ಯೂಎಕ್ಸ್, ಎಕ್ಸ್‌ಬಿಆರ್ ಥರದವು. ಅವು ಅಂಚುಗಳನ್ನು ಊಹಿಸಿ ನಯ ಮಾಡುತ್ತವೆ. ನನಗೆ ಹಿಡಿಸಲ್ಲ. ಕಲಾವಿದ ಬರೆಯದೇ ಇದ್ದ ಗೆರೆಯನ್ನು ಇವು ಯಾಕೆ ಬರೆಯಬೇಕು?

"ಗೇಮ್ ಸ್ಪೀಡೂ ಜಾಸ್ತಿ ಅನ್ಸುತ್ತೆ" ಅಂತಲೂ ಕೇಳುತ್ತಾರೆ. ಅದೂ ಭ್ರಮೆಯಲ್ಲ. ನಾವು ಆಡಿದ್ದು ಅಸಲಿ ಎನ್‌ಇಎಸ್ ಅಲ್ಲ, ಆಂಟೆನಾ ತೂತಿಗೆ ಸಿಕ್ಕಿಸುವ ನಕಲಿ ಡಬ್ಬ. ನಮ್ಮ ದೇಶದ ಟಿವಿ ಪದ್ಧತಿ ಪಾಲ್; ಆ ಪಾಲ್ ಟಿವಿ ಸೆಕೆಂಡಿಗೆ 50 ಚಿತ್ರ ತೋರಿಸುತ್ತಿತ್ತು, ಗೇಮ್ ಮಾಡಿದ್ದು 60ಕ್ಕೆ. ಹಾಗಾಗಿ ಪಾಲ್ ಟಿವಿಗೆ ಮಾಡಿದ ಡಬ್ಬದಲ್ಲಿ ಆಟ ಆರರಲ್ಲಿ ಒಂದು ಪಾಲು ನಿಧಾನ. ಮೆಸೆನ್ ಎಮ್ಯುಲೇಟರ್‌ನಲ್ಲಿ ರೀಜನ್ ಕಡೆ ಹೋಗಿ 'ಡೆಂಡಿ' ಆರಿಸಿ. ಅದು ರಷ್ಯಾದಲ್ಲಿ ಮಾರಾಟವಾದ ಇಂಥದ್ದೇ ಡಬ್ಬದ ಹೆಸರು. ಆಮೇಲೆ ಆಡಿ ನೋಡಿ.

ಸಿಆರ್‌ಟಿ-ರಾಯಲ್‌ಗೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಬೇಕು. ಆಫೀಸಿನ ಹಳೇ ಲ್ಯಾಪ್‌ಟಾಪ್ ಮೇಲೆ ಹಾಕಿ ಫ್ಯಾನ್ ಕಿರುಚಿಸಬೇಡಿ. ಅದಕ್ಕೆ ಸಿಆರ್‌ಟಿ-ಪೈ ಇದೆ, ರಾಸ್ಪ್‌ಬೆರಿ ಪೈನಂಥ ಪುಟ್ಟ ಬೋರ್ಡಿಗೆ ಅಂತಲೇ ಬರೆದಿದ್ದು. ಶೇಡರ್ ಹಾಕಿದ ಮೇಲೆ ಚಿತ್ರ ಸ್ವಲ್ಪ ಮಂಕಾಗುತ್ತದೆ, ಕತ್ತಲಿನ ಗೆರೆ ಬಂತಲ್ಲ. ಟಿವಿಯ ಬ್ರೈಟ್‌ನೆಸ್ ಜಾಸ್ತಿ ಮಾಡಿಕೊಳ್ಳಿ.