ಹಸಿರು ಹೊಳಪಿನ ಲೆಕ್ಕ: ಆರನೇ ವಾರ

ಹೊಸದಾಗಿ ಓದುತ್ತಿರುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಕಾರವಾರದ ನಮ್ಮ ಕಾಲೇಜು ಲ್ಯಾಬಿನಲ್ಲಿ, ಪಾಠ ಮುಗಿದ ಮೇಲೆ ಸಿಗುವ ಹೊತ್ತಿನಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಿಂದ ಜಿಎಫ್‌ಪಿ ಮಾಡಿಸುತ್ತಿದ್ದೇನೆ. ಜಪಾನಿನ ವಿಜ್ಞಾನಿ ಶಿಮೊಮುರಾ 1962ರಲ್ಲಿ ಜೆಲ್ಲಿ ಮೀನಿನಿಂದ ತೆಗೆದ ಹಸಿರು ಪ್ರೋಟೀನ್ ಅದು. ಅರಬಿನೋಸ್ ಸಕ್ಕರೆ ಹಾಕಿದರೆ ಜಿಎಫ್‌ಪಿ ಮಾಡಿಸುವ ಜೀನ್ ಆನ್ ಆಗುತ್ತದೆ, ನೀಲಿ ಬೆಳಕು ಬಿಟ್ಟರೆ ಟ್ಯೂಬ್ ಹಸಿರಾಗಿ ಹೊಳೆಯುತ್ತದೆ. ಇವತ್ತಿನ ಹೊಳಪು ನಾಳೆಯೂ ಅಷ್ಟೇ ಬರುತ್ತದಾ? ನನಗೆ ಬೇಕಿರುವುದು ಇಷ್ಟೇ.

ಬರಲಿಲ್ಲ. ಒಂದೇ ಕಾಲನಿಯಿಂದ (ಒಂದು ಬ್ಯಾಕ್ಟೀರಿಯಾದಿಂದ ಬೆಳೆದ ಗುಂಪು) ಬೆಳೆಸಿ ಮೂರು ಟ್ಯೂಬಿಗೆ ಹಂಚಿದಾಗ ಹೊಳಪಿನ ಅಳತೆ 4120, 4210, 4050 ಬಂದಿತ್ತು, ಏರುಪೇರು ಶೇ 2ರಷ್ಟೇ. ಬೇರೆ ಬೇರೆ ಕಾಲನಿ, ಬೇರೆ ಬೇರೆ ದಿನ ಮಾಡಿದರೆ 4130, 2980, 5060. ಏರುಪೇರು ಶೇ 26! ಎಲ್ಲವೂ ಓಡಿಯಿಂದ (ಬ್ಯಾಕ್ಟೀರಿಯಾ ಎಷ್ಟು ದಟ್ಟವಾಗಿವೆ ಅನ್ನುವ ಅಳತೆ) ಭಾಗಿಸಿದ ಲೆಕ್ಕ, ಹಾಗಾಗಿ ಬ್ಯಾಕ್ಟೀರಿಯಾ ಜಾಸ್ತಿ ಬೆಳೆದದ್ದಕ್ಕೆ ಹೊಳಪೂ ಜಾಸ್ತಿ ಅನ್ನುವ ಹಾಗಿಲ್ಲ. ಒಂದೇ ಪಾತ್ರೆಯ ಸಾರನ್ನು ಮೂರು ಸಲ ರುಚಿ ನೋಡಿದರೆ ನಾಳೆಯ ಸಾರು ಹೇಗಿರುತ್ತದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

2980 ಬಂದ ದಿನದ ಪುಟ ತೆಗೆದೆ. ಮಳೆಗಾಲದ ತೇವಕ್ಕೆ ಮೆತ್ತಗಾದ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೆ: ‘ಕರೆಂಟ್ ಇಲ್ಲ, 40 ನಿಮಿಷ’. ಟ್ಯೂಬುಗಳನ್ನು ಕುಲುಕುವ ಯಂತ್ರ, ಶೇಕರ್, ನಿಂತಿತ್ತು! ಅದನ್ನು ಸುಮ್ನೆ ಬರೆದು ಮರೆತೇಬಿಟ್ಟಿದ್ದೆ. ಜಿಎಫ್‌ಪಿ ತಯಾರಾದ ತಕ್ಷಣ ಹೊಳೆಯುವುದಿಲ್ಲ, ಅದರೊಳಗಿನ ಬಣ್ಣದ ಭಾಗ ಕೂಡಿಕೊಳ್ಳಲು ಆಮ್ಲಜನಕ ಬೇಕೇ ಬೇಕು. ಕುಲುಕುವುದು ನಿಂತರೆ ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯಾ ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಬೇಗ ಮುಗಿಸಿಬಿಡುತ್ತವೆ.

ಗುರುವಾರ ಬೇಕೆಂದೇ ಹಾಗೆ ಮಾಡಿದೆ. ಒಂದೇ ಕಲ್ಚರ್, ಎರಡು ಟ್ಯೂಬ್. ಅರಬಿನೋಸ್ ಹಾಕಿದ ಮೇಲೆ ಒಂದನ್ನು 40 ನಿಮಿಷ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಓಡಿ 0.82 ಮತ್ತು 0.79, ಹೆಚ್ಚು ಕಡಿಮೆ ಒಂದೇ. ಆದರೆ ನೀಲಿ ಟಾರ್ಚ್ ಹಿಡಿದರೆ ನಿಂತಿದ್ದ ಟ್ಯೂಬ್ ಮಂಕಾಗಿರುವುದು ಕಣ್ಣಿಗೇ ಕಾಣುತ್ತಿತ್ತು. ಮತ್ತೆ ಒಂದು ಗಂಟೆ ಕುಲುಕಿದಾಗ ಹೊಳಪು ಏರಿತು.

ಇದನ್ನೇ ಸಾಕ್ಷಿ ಅನ್ನಲು ನಾನು ತಯಾರಿಲ್ಲ. ಆ ಒಂದು ಗಂಟೆಯಲ್ಲಿ ಹೊಸ ಜಿಎಫ್‌ಪಿ ಕೂಡ ತಯಾರಾಗಿರಬಹುದು. ಅದಕ್ಕೇ ಮುಂದಿನ ವಾರ ಕುಲುಕುವ ಮೊದಲು ಕ್ಲೋರಾಂಫೆನಿಕಾಲ್ ಹಾಕುತ್ತೇನೆ, ಅದು ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ನಿಲ್ಲಿಸದ ಟ್ಯೂಬಿಗೂ ಅಷ್ಟೇ ಹಾಕಬೇಕು. ಆಗಲೂ ಮಂಕು ಟ್ಯೂಬಿನ ಹೊಳಪೇ ಜಾಸ್ತಿ ಏರಿದರೆ, ಮೊದಲೇ ತಯಾರಾಗಿದ್ದ ಪ್ರೋಟೀನ್ ಗಾಳಿಗಾಗಿ ಕಾಯುತ್ತಿತ್ತು ಅಂತಾಯಿತು. 5060 ಯಾಕೆ ಬಂತು ಅನ್ನುವುದನ್ನು ಆಮೇಲೆ ಹುಡುಕುತ್ತೇನೆ. ಸದ್ಯಕ್ಕೆ ನೋಟ್‌ಬುಕ್ಕಿನಲ್ಲಿ ‘ಶೇಕರ್ ನಿಂತ ಹೊತ್ತು’ ಅಂತ ಹೊಸ ಕಾಲಂ ಎಳೆದಿದ್ದೇನೆ.